ಫಿನ್‌ಲೆಂಡ್ ಕೇಳುತ್ತದೆ, ಮೈಸೂರು ಕೇಳುವುದಿಲ್ಲ: ವಯನಾಡಿನ ಬೆಟ್ಟದಲ್ಲಿ ಒಂದು ರೇಡಿಯೋ ಕಂಬ

2024ರ ಜುಲೈ 30ರ ನಸುಕಿನಲ್ಲಿ ವಯನಾಡು ಜಿಲ್ಲೆಯ ಮೇಪ್ಪಾಡಿ ಪಂಚಾಯತಿಗೆ ಸೇರಿದ ಪುಂಚಿರಿಮಟ್ಟಂ, ಮುಂಡಕ್ಕೈ ಮತ್ತು ಚೂರಲ್‌ಮಲಗಳ ಮೇಲೆ ಬೆಟ್ಟವೇ ಕುಸಿದು ಬಂತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹೊಳೆಯ ದಂಡೆಯಲ್ಲಿದ್ದ ವೆಳ್ಳಾರ್‌ಮಲದ ಸರಕಾರಿ ಶಾಲೆಯ ಕಟ್ಟಡಗಳಿಗೆ ಮರದ ದಿಮ್ಮಿಗಳೂ ಬಂಡೆಗಳೂ ಬಡಿದು ನಿಂತ ಚಿತ್ರವನ್ನು ಪತ್ರಿಕೆಗಳಲ್ಲಿ ಕಂಡವರು ಮರೆತಿರಲಾರರು. ಚೂರಲ್‌ಮಲದ ಸೇತುವೆ ಕೊಚ್ಚಿಹೋದುದರಿಂದ ಮುಂಡಕ್ಕೈ ಹೊರಜಗತ್ತಿನಿಂದ ಕಡಿದುಹೋಯಿತು. ಬೆಂಗಳೂರಿನಲ್ಲಿ ಕೇಂದ್ರವಿರುವ ಸೇನೆಯ ಮದರಾಸ್ ಎಂಜಿನಿಯರ್ ಗ್ರೂಪಿನ ಯೋಧರು 190 ಅಡಿ ಉದ್ದದ ಬೈಲಿ ಸೇತುವೆಯನ್ನು ಕಟ್ಟಿ ಆಗಸ್ಟ್ 1ರ ಸಂಜೆ ದಾರಿ ತೆರೆದರು. ಆ ಸೇತುವೆಯ ಸುದ್ದಿ ಎಲ್ಲೆಡೆ ಹಬ್ಬಿತು. ಆದರೆ ಅದೇ ದಿನಗಳಲ್ಲಿ ಕಟ್ಟಲ್ಪಟ್ಟ ಮತ್ತೊಂದು ಸೇತುವೆ ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ.

ಕಲ್ಪೆಟ್ಟದ ಜಿಲ್ಲಾಧಿಕಾರಿಗಳ ಕಚೇರಿಯ ನೆಲಮಹಡಿಯಲ್ಲಿ ಹವ್ಯಾಸಿ ರೇಡಿಯೋ ನಡೆಸುವವರು, ಅಂದರೆ ಜನರ ಬಾಯಲ್ಲಿ 'ಹ್ಯಾಮ್‌'ಗಳು, ಒಂದು ಮೂಲಕೇಂದ್ರವನ್ನು ತೆರೆದರು. ಮೊಬೈಲ್ ಫೋನು ನೆಚ್ಚಲಾಗದ ಸ್ಥಿತಿಯಲ್ಲಿದ್ದ ಗುಡ್ಡಗಳ ನಡುವಿನಿಂದ ರಕ್ಷಣಾ ಕಾರ್ಯಕರ್ತರ ಮಾತು ಅಲ್ಲಿಗೆ ತಲುಪತೊಡಗಿತು. ಅಂಬಲವಯಲಿನ ಪೊನ್ಮುಡಿಕೋಟದ ಎತ್ತರದಲ್ಲಿ ಸುಲ್ತಾನ್ ಬತ್ತೇರಿ ಡಿಎಕ್ಸ್ ಅಸೋಸಿಯೇಷನ್ ಎಂಬ ಹವ್ಯಾಸಿಗಳ ಸಂಘವು ಮೊದಲೇ ನಿಲ್ಲಿಸಿದ್ದ ರಿಪೀಟರ್ ಈ ಕೆಲಸಕ್ಕೆ ಬೆನ್ನೆಲುಬಾಯಿತು. ಕಣಿವೆಯ ಸಣ್ಣ ಕೈಯುಪಕರಣದಿಂದ ಹೊರಟ ದನಿಯನ್ನು ಹಿಡಿದು, ಬಲಪಡಿಸಿ, ಬೆಟ್ಟದಾಚೆಗೆ ಮರಳಿ ಬಿತ್ತರಿಸುವುದೇ ರಿಪೀಟರಿನ ಕೆಲಸ.

ಆ ಸಂಘದ ಹೆಸರಿನಲ್ಲಿರುವ ಎರಡು ಪದಗಳನ್ನು ಸ್ವಲ್ಪ ನಿಂತು ನೋಡಬೇಕು. ಸುಲ್ತಾನ್ ಬತ್ತೇರಿ ಒಂದು ಕಾಲದಲ್ಲಿ ಜೈನರ 'ಹನ್ನೆರಡು ಬೀದಿ'. ಕನ್ನಡಿಗರು ಅರ್ಥ ಕೇಳಬೇಕಾಗಿಲ್ಲದ ಹೆಸರು ಅದು. ಅಲ್ಲಿನ ಜೈನ ಬಸದಿಯನ್ನು ಟಿಪ್ಪುವಿನ ಸೈನ್ಯ ಮದ್ದುಗುಂಡುಗಳ ಉಗ್ರಾಣ ಮಾಡಿಕೊಂಡದ್ದರಿಂದ 'ಸುಲ್ತಾನನ ಬ್ಯಾಟರಿ' ಎಂಬ ಹೆಸರು ಬಂತು. ಇನ್ನು 'ಡಿಎಕ್ಸ್' ಎಂದರೆ ತಂತಿ ಕಳುಹಿಸುವವರ ಹಳೆಯ ಸಂಕ್ಷೇಪದಲ್ಲಿ 'ದೂರ'. ಅತಿ ದೂರದ ನಿಲಯದೊಡನೆ ಮಾತನಾಡುವುದೇ ಈ ಹವ್ಯಾಸದ ದೊಡ್ಡ ಆಸೆ. ಆಪತ್ತು ಬಂದಾಗ ಹತ್ತು ಮೈಲಿಯಾಚೆಗೆ ಮಾತು ಮುಟ್ಟಿಸಿದವರು, ಬಿಡುವಿನ ದಿನಗಳಲ್ಲಿ ಹತ್ತು ಸಾವಿರ ಮೈಲಿಯಾಚೆಗೆ ಕಿವಿಗೊಡುವ ಮಂದಿಯೇ ಆಗಿದ್ದರು. ಇವೆರಡೂ ಒಂದೇ ವಿದ್ಯೆಯೆಂದು ತೋರಿದರೂ ಒಂದೇ ಅಲ್ಲ. ಆ ವ್ಯತ್ಯಾಸ ತಿಳಿಯಬೇಕಾದರೆ ಮನೆಯಂಗಳದಲ್ಲಿ ಒಂದು ನೆಟ್ಟನೆಯ ಆಂಟೆನಾ ನಿಲ್ಲಿಸಿ ಪರೀಕ್ಷಿಸುವುದಕ್ಕಿಂತ ಉತ್ತಮ ದಾರಿಯಿಲ್ಲ.

ನೆಟ್ಟನೆಯ ಆಂಟೆನಾ ರೇಡಿಯೋದಷ್ಟೇ ಹಳೆಯದು. 1901ರ ಡಿಸೆಂಬರ್ 12ರಂದು ಮಾರ್ಕೋನಿ ನ್ಯೂಫೌಂಡ್‌ಲೆಂಡಿನ ಗುಡ್ಡವೊಂದರಲ್ಲಿ ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಸಿ, ಅಟ್ಲಾಂಟಿಕ್ ಸಾಗರದಾಚೆಯ ಇಂಗ್ಲೆಂಡಿನಿಂದ ಬಂದ ಮೋರ್ಸ್ ಸಂಕೇತದ ಮೂರು ಚುಕ್ಕಿಗಳನ್ನು ಕೇಳಿದ್ದಾಗಿ ಹೇಳಿದನು. ಆ ಮೇಲಿನ ವರ್ಷಗಳಲ್ಲಿ ಸರಕಾರಗಳೂ ಕಂಪನಿಗಳೂ ಉದ್ದ ತರಂಗಗಳನ್ನು ತಮಗಿಟ್ಟುಕೊಂಡವು. ಅಮೆರಿಕದ 1912ರ ಕಾನೂನು ಹವ್ಯಾಸಿಗಳನ್ನು 200 ಮೀಟರಿಗಿಂತ ಕಿರಿದಾದ ತರಂಗಗಳಿಗೆ ತಳ್ಳಿತು. ಅವು ನಿಷ್ಪ್ರಯೋಜಕವೆಂದು ಆಗಿನವರ ಎಣಿಕೆ. 1923ರ ನವೆಂಬರಿನಲ್ಲಿ ಫ್ರಾನ್ಸಿನ ಮತ್ತು ಅಮೆರಿಕದ ಹವ್ಯಾಸಿಗಳು ಸುಮಾರು ನೂರು ಮೀಟರಿನ ತರಂಗದಲ್ಲಿ ಸಾಗರದಾಚೆ ಮಾತಾಡಿಕೊಂಡಾಗ ಆ ಎಣಿಕೆ ತಲೆಕೆಳಗಾಯಿತು. ಬೇಡವೆಂದು ಬಿಟ್ಟುಕೊಟ್ಟ ಬೀಳುಭೂಮಿಯೇ ಎಲ್ಲಕ್ಕಿಂತ ಫಲವತ್ತಾದುದೆಂದು ತಿಳಿದ ಇಂಥ ಪ್ರಸಂಗಗಳು ಭೂದಾಖಲೆಗಳಲ್ಲಿಯೂ ವಿರಳ. ನಮ್ಮ ನೆರೆಯ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದಾಗ ಅವರ ಕೈಯಲ್ಲಿದ್ದುದು ಕೇವಲ 30 ವ್ಯಾಟಿನ ಪ್ರೇಷಕ. ಇಂದು ಅಡುಗೆಮನೆಯಲ್ಲಿ ಉರಿಯುವ ಒಂದು ಟ್ಯೂಬ್‌ಲೈಟಿಗೂ ಅಷ್ಟು ವಿದ್ಯುತ್ತು ಬೇಕು.

ಈಗ ಕಂಬದ ವಿಷಯ. 14 ಮೆಗಾಹರ್ಟ್ಸಿನ ಹವ್ಯಾಸಿ ಪಟ್ಟಿಯಲ್ಲಿ ತರಂಗದೂರ ಸುಮಾರು ಇಪ್ಪತ್ತು ಮೀಟರು. ಅದರ ಕಾಲುಭಾಗದಷ್ಟು ಉದ್ದದ ಲೋಹವನ್ನು ನೇರವಾಗಿ ನಿಲ್ಲಿಸಿದರೆ ಅದು ಆ ತರಂಗಕ್ಕೆ ಚೆನ್ನಾಗಿ ಮಿಡಿಯುತ್ತದೆ. ಲೆಕ್ಕ ಸುಲಭ: 71.3ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಮೀಟರಿನಲ್ಲಿ ಉದ್ದ ಸಿಗುತ್ತದೆ. 14.15ಕ್ಕೆ 5.04 ಮೀಟರು, 21.2ಕ್ಕೆ 3.36, 28.4ಕ್ಕೆ 2.51. ಏಳನೆಯ ತರಗತಿಯ ಮಗುವೂ ಮಾಡಬಲ್ಲ ಭಾಗಾಕಾರವಿದು. ಐದು ಮೀಟರಿನ ತಾಮ್ರದ ತಂತಿಯನ್ನು ಒಣಗಿದ ಬಿದಿರಿಗೋ ಫೈಬರ್ ಗ್ಲಾಸಿನ ಗಾಳದ ಕೋಲಿಗೋ ಕಟ್ಟಿ ನಿಲ್ಲಿಸಿದರೆ ಅರ್ಧ ಕೆಲಸ ಮುಗಿಯಿತು.

ಇಲ್ಲೊಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಅಡಿಕೆ ತೋಟವಿರುವ ಮನೆಗಳಲ್ಲಿ ಇತ್ತೀಚೆಗೆ ಉದ್ದನೆಯ ದೋಟಿಗಳು ಬಂದಿವೆ. ಆಂಟೆನಾಕ್ಕೆ ಇದೇ ಸಾಕಲ್ಲ ಎಂದು ಯಾರಿಗಾದರೂ ತೋಚುವುದು ಸಹಜ. ಅಲ್ಯೂಮಿನಿಯಂ ಮಾತ್ರವಲ್ಲ, ಕಾರ್ಬನ್ ಫೈಬರಿನ ದೋಟಿಯೂ ವಿದ್ಯುತ್ತನ್ನು ಹರಿಯಗೊಡುತ್ತದೆ. ತಂತಿಯ ಆಸರೆಗೆ ಅದು ತಕ್ಕುದಲ್ಲ. ವಿದ್ಯುತ್ ಲೈನಿನ ಹತ್ತಿರ ಎತ್ತಿ ಹಿಡಿದರೆ ಮರಣವೇ. ಕಂಬ ಯಾವ ದಿಕ್ಕಿಗೆ ಬಿದ್ದರೂ ಲೈನಿಗೆ ತಾಗದಷ್ಟು ದೂರವಿರಬೇಕು. ಎಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ ಮತ್ತು ತುಲಾಮಾಸದ ಸಿಡಿಲನ್ನು ಕಂಡವರಿಗೆ ಕೇಬಲನ್ನು ಕಳಚಿ ಮನೆಯ ಹೊರಗಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ. ಅದನ್ನು ಮೋಡ ಕಂಡಾಗಲೇ ಮಾಡಬೇಕು, ಗುಡುಗು ಕೇಳಿದ ಮೇಲೆ ಅಲ್ಲ.

ಉಳಿದರ್ಧ ಕೆಲಸ ನೆಲದ್ದು. ನೆಟ್ಟನೆಯ ತಂತಿಯೊಂದು ಒಂಟಿ ಕಾಲಿನ ಮನುಷ್ಯನಿದ್ದಂತೆ. ಇನ್ನೊಂದು ಕಾಲನ್ನು ಅದು ಭೂಮಿಯಿಂದ ಎರವಲು ಪಡೆಯುತ್ತದೆ. ತಂತಿಯಿಂದ ಹೊರಟ ವಿದ್ಯುತ್ತು ನೆಲದ ಮೂಲಕ ಮರಳಿ ಬುಡಕ್ಕೆ ಬರಬೇಕು. ಸಮುದ್ರದ ಉಪ್ಪುನೀರು ಇದಕ್ಕೆ ಅತ್ಯುತ್ತಮ. ಒಣಗಿದ ಮುರಕಲ್ಲಿನ ನೆಲ ತೀರಾ ಕೆಟ್ಟದ್ದು. ಆದುದರಿಂದ ಬುಡದ ಸುತ್ತ ಸೂರ್ಯನ ಕಿರಣಗಳಂತೆ ತಂತಿಗಳನ್ನು ಹರಡುತ್ತಾರೆ. ಇವಕ್ಕೆ ರೇಡಿಯಲ್‌ಗಳೆಂದು ಹೆಸರು. 1937ರಲ್ಲಿ ಬ್ರೌನ್, ಲೂಯಿಸ್ ಮತ್ತು ಎಪ್‌ಸ್ಟೈನ್ ಎಂಬ ಮೂವರು ಅಮೆರಿಕನ್ ಎಂಜಿನಿಯರುಗಳು ನಡೆಸಿದ ಅಳತೆಗಳ ಫಲವಾಗಿ ಪ್ರಸಾರ ನಿಲಯಗಳು ನೂರಕ್ಕೂ ಹೆಚ್ಚು ತಂತಿಗಳನ್ನು ಹೂಳುವ ಪದ್ಧತಿ ನೆಲೆಗೊಂಡಿತು. ಮನೆಯಂಗಳದಲ್ಲಿ ಅಷ್ಟಕ್ಕೆ ಎಡೆಯಿಲ್ಲ. ಹದಿನಾರು ತಂತಿಗಳನ್ನು ನೆಲದ ಮೇಲೆ ಹರಡಿದರೂ ಗುಣ ಕಾಣಿಸುತ್ತದೆ. ಅಥವಾ ಬುಡವನ್ನೇ ಎರಡೂವರೆ ಮೀಟರು ಎತ್ತರಿಸಿ, ಐದೈದು ಮೀಟರಿನ ನಾಲ್ಕು ತಂತಿಗಳನ್ನು ಕೊಡೆಯ ಕಡ್ಡಿಗಳಂತೆ ಇಳಿಬಿಟ್ಟು ಕಟ್ಟಬಹುದು. ಕಾಫಿ ಗಿಡಗಳ ನಡುವೆ, ಇಳಿಜಾರಿನಲ್ಲಿ ಬದುಕುವ ವಯನಾಡಿನವರಿಗೆ ಇದೇ ಒಪ್ಪುವ ರೀತಿ.

ಕಂಬ ನಿಂತ ಕೂಡಲೇ ಹೊಸಬರು ನೋಡುವುದು ಮೀಟರನ್ನು. ಕೇಬಲಿನ ಮೂಲಕ ಕಳುಹಿಸಿದ ಶಕ್ತಿ ಎಷ್ಟು ಮರಳಿ ಬರುತ್ತಿದೆ ಎಂಬುದನ್ನು ಎಸ್‌ಡಬ್ಲ್ಯುಆರ್ ಎಂಬ ಅಂಕಿ ತಿಳಿಸುತ್ತದೆ. 1 ಎಂದರೆ ಏನೂ ಮರಳುತ್ತಿಲ್ಲ. ಅಂಕಿ 1 ಬಂದರೆ ಆಂಟೆನಾ ಉತ್ತಮವೆಂದು ಸಂತೋಷಪಡುವವರೇ ಹೆಚ್ಚು. ಆದರೆ ಇದು ಸಾಕ್ಷಿಕಟ್ಟೆಯಲ್ಲಿ ನಿಂತು ಕೇಳಿದ ಪ್ರಶ್ನೆಗೆ ಮಾತ್ರ ಸತ್ಯ ಹೇಳಿ, ಕೇಳದುದನ್ನು ಮುಚ್ಚಿಡುವ ಸಾಕ್ಷಿ. ಆದರ್ಶ ನೆಲದ ಮೇಲೆ ಕಾಲುತರಂಗದ ಕಂಬದ ಬುಡದಲ್ಲಿ ಸುಮಾರು 36 ಓಮ್ ಪ್ರತಿರೋಧವಿರುತ್ತದೆ. ಕೇಬಲು 50 ಓಮಿನದು. ಹಾಗಾಗಿ ನಿಜವಾಗಿ ಒಳ್ಳೆಯ ನೆಲದ ಮೇಲೆ ಅಂಕಿ 1.4ರ ಹತ್ತಿರವಿರಬೇಕು. ನೆಲ ಕೆಟ್ಟದ್ದಾಗಿ ಇನ್ನೊಂದು 14 ಓಮ್ ನಷ್ಟ ಸೇರಿಕೊಂಡರೆ ಒಟ್ಟು ಸರಿಯಾಗಿ 50 ಆಗುತ್ತದೆ, ಮೀಟರು 1 ತೋರಿಸುತ್ತದೆ. ಕಳುಹಿಸಿದ ಶಕ್ತಿಯಲ್ಲಿ ನೂರಕ್ಕೆ 28 ಪಾಲು ಮಣ್ಣನ್ನು ಬಿಸಿಮಾಡಲು ಹೋಗುತ್ತದೆ. ರೇಡಿಯಲ್‌ಗಳನ್ನು ಹೆಚ್ಚಿಸಿದಾಗ ಅಂಕಿ ಕೆಟ್ಟಿತೆಂದು ಕಳವಳಪಟ್ಟು ಅವನ್ನು ಕಿತ್ತುಹಾಕಿದವರೂ ಇದ್ದಾರೆ. ಬುಡವನ್ನು ಎತ್ತರಿಸಿ ತಂತಿಗಳನ್ನು ಇಳಿಬಿಟ್ಟ ಕಂಬದ ಮಾತು ಬೇರೆ. ಆ ಇಳಿಜಾರಿನಿಂದಲೇ ಪ್ರತಿರೋಧ 50ರತ್ತ ಏರುತ್ತದೆ, ಅಲ್ಲಿ ಒಳ್ಳೆಯ ಅಂಕಿ ನಷ್ಟದ ಗುರುತಲ್ಲ.

ಹಾಗಾದರೆ ನಿಜವಾದ ಪರೀಕ್ಷೆ ಯಾವುದು? ಒಂದು ದಿನ ಜಪಾನಿನವರು ಉತ್ತರಿಸಿದರೆಂದು ಆಂಟೆನಾ ಗೆದ್ದಿತೆನ್ನಲಾಗದು. ಆ ದಿನ ಆಕಾಶವೇ ತೆರೆದಿದ್ದಿರಬಹುದು. ನೆಲದಿಂದ ಸುಮಾರು 250ರಿಂದ 400 ಕಿಲೋಮೀಟರು ಎತ್ತರದಲ್ಲಿ ಸೂರ್ಯನ ಕಿರಣಗಳಿಂದ ವಿದ್ಯುದಾವಿಷ್ಟವಾದ ಅಯಾನುಗಳ ಪದರವಿದೆ. ಕಿರುತರಂಗಗಳನ್ನು ಭೂಮಿಯತ್ತ ಬಾಗಿಸಿ ಕಳುಹಿಸುವುದು ಅದೇ. ಅದು ಗಂಟೆಗೊಂದು ಬಗೆ, ಋತುವಿಗೊಂದು ಬಗೆ, ಸೂರ್ಯನ ಕಲೆಗಳ ಹನ್ನೊಂದು ವರ್ಷದ ಚಕ್ರಕ್ಕೆ ತಕ್ಕಂತೆ ಇನ್ನೊಂದು ಬಗೆ. ಈಗಿನ ಇಪ್ಪತ್ತೈದನೆಯ ಚಕ್ರ ಏರುಮಟ್ಟ ಮುಟ್ಟಿದ್ದು 2024ರ ಸುಮಾರಿಗೆ. ಕೇರಳದವರಿಗೆ ಮತ್ತೊಂದು ವಿಶೇಷವುಂಟು: ಭೂಮಿಯ ಕಾಂತೀಯ ಸಮಭಾಜಕ ರೇಖೆ ರಾಜ್ಯದ ತೆಂಕಣ ತುದಿಯ ಹತ್ತಿರ ಹಾದುಹೋಗುತ್ತದೆ. 1963ರ ನವೆಂಬರ್ 21ರಂದು ಭಾರತದ ಮೊದಲ ರಾಕೆಟ್ಟನ್ನು ಹಾರಿಸಲು ತುಂಬಾ ಎಂಬ ಮೀನುಗಾರರ ಊರನ್ನು ಆರಿಸಿದ್ದೂ ಈ ಕಾರಣಕ್ಕಾಗಿಯೇ. ಈ ರೇಖೆಯ ಆಸುಪಾಸಿನಲ್ಲಿ ಸೂರ್ಯಾಸ್ತದ ಬಳಿಕ ಅಯಾನುಗಳ ಪದರ ಕದಡಿ, ದೂರದ ದನಿಗಳು ನಡುಗುವುದುಂಟು.

ಆದುದರಿಂದ ಪರೀಕ್ಷೆಗೆ ಎರಡು ಆಂಟೆನಾಗಳು ಬೇಕು. ನೆಟ್ಟನೆಯದರ ಪಕ್ಕದಲ್ಲಿ, ತುಸು ದೂರದಲ್ಲಿ, 10.08 ಮೀಟರು ಉದ್ದದ ಅಡ್ಡ ತಂತಿಯ ಡೈಪೋಲ್ ಒಂದನ್ನು ಕಟ್ಟಿ, ಎರಡೂ ಕೇಬಲುಗಳನ್ನು ಒಂದು ಸ್ವಿಚ್ಚಿಗೆ ತರಬೇಕು. ದೂರದ ನಿಲಯವೊಂದನ್ನು ಕೇಳುತ್ತಾ ಒಂದರಿಂದ ಇನ್ನೊಂದಕ್ಕೆ ಬದಲಿಸಬೇಕು. ಒಮ್ಮೆ ಅಲ್ಲ, ಇಪ್ಪತ್ತು ಸಲ. ಒಂದು ದಿನವಲ್ಲ, ಹಲವು ದಿನ. ಬೆಳಗ್ಗೆ, ನಡುಹಗಲು, ಸಂಜೆ. ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಡಬೇಕು. ನೆನಪಿನಿಂದ ಹೇಳಿದ ಫಲಿತಾಂಶಕ್ಕೆ ಬೆಲೆಯಿಲ್ಲ.

ಕೇಳಲು ಯಾವ ನಿಲಯ? ಇಲ್ಲಿ ಜಗತ್ತಿನ ಹವ್ಯಾಸಿಗಳು ಮಾಡಿಟ್ಟ ಒಂದು ಸೊಗಸಾದ ವ್ಯವಸ್ಥೆಯಿದೆ. ಭೂಮಿಯ ಸುತ್ತ ಹದಿನೆಂಟು ಕಡೆಗಳಲ್ಲಿ ದೀಪಸ್ತಂಭಗಳಂತೆ ಬೀಕನ್ ನಿಲಯಗಳನ್ನು ಸ್ಥಾಪಿಸಿದ್ದಾರೆ. 14.100 ಮೆಗಾಹರ್ಟ್ಸಿನಲ್ಲಿ ಒಂದೊಂದಕ್ಕೂ ಹತ್ತು ಸೆಕೆಂಡಿನ ಸರದಿ. ಮೂರು ನಿಮಿಷಕ್ಕೆ ಒಂದು ಸುತ್ತು. ಪ್ರತಿಯೊಂದೂ ಮೋರ್ಸ್ ಸಂಕೇತದಲ್ಲಿ ತನ್ನ ಹೆಸರು ಹೇಳಿ, ಬಳಿಕ ಒಂದೊಂದು ಸೆಕೆಂಡಿನ ನಾಲ್ಕು ದೀರ್ಘ ನಾದಗಳನ್ನು ಕಳುಹಿಸುತ್ತದೆ. ಮೊದಲ ನಾದ 100 ವ್ಯಾಟಿನದು, ಎರಡನೆಯದು 10, ಮೂರನೆಯದು 1, ನಾಲ್ಕನೆಯದು ಒಂದು ವ್ಯಾಟಿನ ಹತ್ತರಲ್ಲೊಂದು ಪಾಲು. ಡೈಪೋಲಿನಲ್ಲಿ ಒಂದೇ ನಾದ ಕೇಳಿ, ನೆಟ್ಟನೆಯದರಲ್ಲಿ ಎರಡು ಕೇಳಿದರೆ, ಆ ದಿಕ್ಕಿಗೆ ಎರಡನೆಯದು ಸುಮಾರು ಹತ್ತುಪಟ್ಟು ಮೇಲು ಎಂದರ್ಥ. ಯಾವ ಮೀಟರೂ ಬೇಡ. ಕಿವಿಯೂ ಗಡಿಯಾರವೂ ಸಾಕು. ವಯನಾಡಿನಿಂದ ಕೊಲಂಬೊ ನಿಲಯ ಏಳುನೂರು ಕಿಲೋಮೀಟರಿನೊಳಗೆ. ಕೆನ್ಯಾದ್ದು ಸುಮಾರು 4,500. ಪಶ್ಚಿಮ ಆಸ್ಟ್ರೇಲಿಯಾ, ಜಪಾನು, ಫಿನ್‌ಲೆಂಡ್ ಮೂರೂ ಆರುಸಾವಿರ ದಾಟಿದವು. ಕ್ಯಾಲಿಫೋರ್ನಿಯಾದ್ದು 14,000ಕ್ಕೂ ಹೆಚ್ಚು. ಎಲ್ಲ ನಿಲಯಗಳೂ ಎಲ್ಲ ದಿನವೂ ನಡೆಯುತ್ತಿರುವುದಿಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಂಪ್ಯೂಟರಿದ್ದವರಿಗೆ ಇನ್ನೊಂದು ದಾರಿಯಿದೆ. ಭೌತಶಾಸ್ತ್ರಕ್ಕೆ 1993ರ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಜೋಸೆಫ್ ಟೇಲರ್ ಸ್ವತಃ ಹ್ಯಾಮ್. ಅವರು 2008ರಲ್ಲಿ ಹೊರತಂದ 'ವಿಸ್ಪರ್' ಎಂಬ ವಿಧಾನದಲ್ಲಿ, ಒಂದೆರಡು ವ್ಯಾಟಿಗಿಂತಲೂ ಕಡಿಮೆ ಶಕ್ತಿಯ ಸಂಕೇತವನ್ನು ಸುಮಾರು ಎರಡು ನಿಮಿಷ ನಿಧಾನವಾಗಿ ಕಳುಹಿಸಿದರೆ, ಜಗತ್ತಿನ ಯಾವ ಯಾವ ಮೂಲೆಯಲ್ಲಿ ಅದು ಕೇಳಿಸಿತೆಂಬುದು ತಾನಾಗಿ ದಾಖಲಾಗುತ್ತದೆ.

ಇಂಥ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕಂಡುಬರುವುದೇನೆಂದರೆ, ತಗ್ಗಿನಲ್ಲಿ ಕಟ್ಟಿದ ಅಡ್ಡ ತಂತಿ ತನ್ನ ಶಕ್ತಿಯ ಬಹುಪಾಲನ್ನು ನೆತ್ತಿಯತ್ತ ಎಸೆಯುತ್ತದೆ; ನೆಟ್ಟನೆಯ ಕಂಬ ಕ್ಷಿತಿಜದತ್ತ, ತಗ್ಗಿದ ಕೋನದಲ್ಲಿ ಬೀರುತ್ತದೆ. ತಗ್ಗಿದ ಕೋನದಲ್ಲಿ ಹೋದ ತರಂಗ ಒಂದೇ ಜಿಗಿತದಲ್ಲಿ ನಾಲ್ಕು ಸಾವಿರ ಕಿಲೋಮೀಟರಿನವರೆಗೂ ಹೋಗಬಲ್ಲುದು. ಆದುದರಿಂದ ದೂರದೂರುಗಳಿಗೆ ಕಂಬ ಗೆಲ್ಲುತ್ತದೆ. ಆದರೆ ಎದುರಿಗೆ ಚೆಂಬ್ರದಂಥ 2,100 ಮೀಟರಿನ ಬೆಟ್ಟ ನಿಂತಿದ್ದರೆ ಆ ದಿಕ್ಕಿಗೆ ಬಾಗಿಲು ಮುಚ್ಚಿದಂತೆಯೇ. ಮನೆಗಳ ಎಲ್‌ಇಡಿ ದೀಪ, ಚಾರ್ಜರುಗಳ ಕರಕರ ಸದ್ದನ್ನೂ ನೆಟ್ಟನೆಯ ಆಂಟೆನಾ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಕರೆಂಟು ಹೋದ ರಾತ್ರಿ ರೇಡಿಯೋ ಎಷ್ಟು ನಿಚ್ಚಳವಾಗುತ್ತದೆಂಬುದನ್ನು ಒಮ್ಮೆ ಕೇಳಿದವರು ಅಚ್ಚರಿಪಡುತ್ತಾರೆ.

ಮುಖ್ಯವಾದ ಸಂಗತಿ ಇಲ್ಲಿದೆ. ಫಿನ್‌ಲೆಂಡನ್ನು ಮುಟ್ಟಿದ ಅದೇ ಕಂಬದಿಂದ, ಅದೇ ಹೊತ್ತಿನಲ್ಲಿ, ನೂರು ಚಿಲ್ಲರೆ ಕಿಲೋಮೀಟರಿನ ಮೈಸೂರಿಗೆ ಮಾತು ತಲುಪದಿರಬಹುದು. ನೆಲಕ್ಕಂಟಿ ಹರಿಯುವ ತರಂಗ ಬೆಟ್ಟಗಳ ನಡುವೆ ಬೇಗ ಸೋತುಹೋಗುತ್ತದೆ. ಆಕಾಶಕ್ಕೇರಿದ್ದು ತಲೆಯ ಮೇಲಿನಿಂದ ಹಾರಿ ಎಲ್ಲೋ ಇಳಿಯುತ್ತದೆ. ನಡುವಿನ ಊರುಗಳಿಗೆ ಮೌನ. ವಿಪತ್ತಿನಲ್ಲಿ ಬೇಕಾದುದು ಕಲ್ಪೆಟ್ಟ, ಕಾಸರಗೋಡು, ಮೈಸೂರು, ಬೆಂಗಳೂರುಗಳ ನಡುವಿನ ಮಾತು. ಅದಕ್ಕೆ 7 ಮೆಗಾಹರ್ಟ್ಸಿನಲ್ಲಿ ಇಪ್ಪತ್ತು ಮೀಟರು ಉದ್ದದ ಅಡ್ಡ ತಂತಿಯನ್ನು ಬೇಕೆಂದೇ ತಗ್ಗಿನಲ್ಲಿ, ನಾಲ್ಕೈದು ಮೀಟರು ಎತ್ತರದಲ್ಲಿ ಕಟ್ಟಬೇಕು. ನೆತ್ತಿಯತ್ತ ಏರಿದ ತರಂಗ ಕಾರಂಜಿಯ ನೀರಿನಂತೆ ಸುತ್ತಲಿನ ಮುನ್ನೂರು, ನಾನ್ನೂರು ಕಿಲೋಮೀಟರಿಗೆ ಬೀಳುತ್ತದೆ, ಬೆಟ್ಟ ಅಡ್ಡಬರುವುದಿಲ್ಲ. ದೂರದ ಪರೀಕ್ಷೆಯಲ್ಲಿ ಸೋತ ತಂತಿಯೇ ಹತ್ತಿರದ ಆಪತ್ತಿಗೆ ಒದಗುವುದು. ಇದನ್ನು ಓದಿ ತಿಳಿದವನಿಗಿಂತ, ಎರಡನ್ನೂ ಕಟ್ಟಿ, ಸ್ವಿಚ್ಚು ತಿರುಗಿಸಿ ಕೇಳಿದವನು ಮಳೆಯ ರಾತ್ರಿಯಲ್ಲಿ ತಡವರಿಸುವುದಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನನ್ನು ಬಡಿದಾಗ, ಪೋರ್ಟ್ ಬ್ಲೇರಿನಲ್ಲಿ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಇದ್ದುದು ದೂರದ ನಿಲಯಗಳೊಡನೆ ಮಾತಾಡುವ ಹವ್ಯಾಸದ ಯಾತ್ರೆಯಲ್ಲಿ. ಆ ಉಪಕರಣಗಳೇ ದ್ವೀಪದ ಸುದ್ದಿಯನ್ನು ಮುಖ್ಯ ಭೂಮಿಗೆ ತಲುಪಿಸಿದವು.

ಕಾನೂನಿನ ವಿಷಯ ಹೇಳದೆ ಬಿಡುವಂತಿಲ್ಲ. ಕೇಳುವುದು ಒಂದು, ಕಳುಹಿಸುವುದು ಇನ್ನೊಂದು. ಪರವಾನಗಿಯಿಲ್ಲದೆ ಪ್ರೇಷಕವನ್ನು ಇಟ್ಟುಕೊಳ್ಳುವುದು ಅಪರಾಧ. ಆಟಿಕೆಯಂತೆ ಕಾಣುವ ಅಗ್ಗದ ಕೈಯುಪಕರಣಗಳನ್ನು ಆನ್‌ಲೈನಿನಲ್ಲಿ ಕೊಂಡು ಮಕ್ಕಳ ಕೈಗೆ ಕೊಡುವ ಹೆತ್ತವರು ಇದನ್ನು ಗಮನಿಸಬೇಕು. 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ನಿಸ್ತಂತು ಕಾಯ್ದೆಗಳ ಜಾಗಕ್ಕೆ 2023ರ ದೂರಸಂಪರ್ಕ ಅಧಿನಿಯಮ ಬಂದಿದೆ. ಹವ್ಯಾಸಿಗಳ ಪರವಾನಗಿಯ ಏರ್ಪಾಡು 1978ರ ನಿಯಮಗಳಿಂದ ಬೆಳೆದುಬಂದದ್ದು. ಪರೀಕ್ಷೆಗೆ ಕೂರಲು ಹನ್ನೆರಡು ವರ್ಷ ತುಂಬಿದ್ದರೆ ಸಾಕು. ನಿರ್ಬಂಧಿತ ಮತ್ತು ಸಾಮಾನ್ಯ ಎಂದು ಎರಡು ದರ್ಜೆಗಳಿವೆ; ಮೋರ್ಸ್ ಸಂಕೇತದ ಪರೀಕ್ಷೆ ಎರಡನೆಯದಕ್ಕೆ ಮಾತ್ರ. ಕೇಳುವ ಪ್ರಶ್ನೆಗಳು ಎರಡು ಬಗೆಯವು: ಪ್ರೌಢಶಾಲೆಯ ವಿದ್ಯುತ್ ಪಾಠದಿಂದ ತುಸು ಮುಂದೆ ಹೋಗುವ ರೇಡಿಯೋ ತತ್ತ್ವ, ಮತ್ತು ನಿಯಮಗಳು. ವ್ಯಾಪಾರದ ಮಾತು ಕೂಡದು, ಸಂಗೀತ ಪ್ರಸಾರ ಮಾಡುವಂತಿಲ್ಲ, ಗುಪ್ತಭಾಷೆ ಬಳಸುವಂತಿಲ್ಲ, ಮಾತಾಡಿದ್ದನ್ನೆಲ್ಲ ದಿನಚರಿಯಲ್ಲಿ ನಮೂದಿಸಬೇಕು. ತೇರ್ಗಡೆಯಾದ ಮೇಲೂ ಸರಕಾರದ ಪರಿಶೀಲನೆ ಮುಗಿದು ಕರೆಸಂಕೇತ ಕೈಗೆ ಬರುವ ತನಕ ಕಾಯಬೇಕು. ಆ ಕಾಯುವಿಕೆ ಮಕ್ಕಳ ಉತ್ಸಾಹಕ್ಕೆ ಹಿತವಾದದ್ದಲ್ಲ.

ಗುಪ್ತಭಾಷೆ ಸಲ್ಲದೆಂದರೆ ಕನ್ನಡ ಸಲ್ಲದೆಂದಲ್ಲ. 7 ಮೆಗಾಹರ್ಟ್ಸಿನ ಪಟ್ಟಿಯಲ್ಲಿ ಬೆಳಗಿನ ಹೊತ್ತು ಕಿವಿಗೊಟ್ಟರೆ ದಕ್ಷಿಣದ ಭಾಷೆಗಳೆಲ್ಲ ಒಂದೊಂದಾಗಿ ಕೇಳಿಸುತ್ತವೆ. ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರ ನಿಷಿದ್ಧವಿದ್ದರೂ ಗುಂಡ್ಲುಪೇಟೆಗೂ ಬತ್ತೇರಿಗೂ ನಡುವೆ ಈ ಮಾತಿಗೆ ಗೇಟಿಲ್ಲ.

ಕೇಳುವ ಕೆಲಸವನ್ನು ಈಗಲೇ ತೊಡಗಬಹುದು. ಕಿರುತರಂಗದ ಸಾದಾ ರೇಡಿಯೋಗಳಲ್ಲಿ ಮೋರ್ಸ್ ನಾದ ಕೇಳಿಸದು. ಎಸ್‌ಎಸ್‌ಬಿ ಎಂಬ ಸೌಲಭ್ಯವಿರುವುದು ಬೇಕು. ಐದು ಮೀಟರಿನ ತಂತಿಯನ್ನು ಬಿದಿರಿಗೆ ಕಟ್ಟಿ, 14.100ಕ್ಕೆ ತಿರುಗಿಸಿ, ಗಡಿಯಾರವನ್ನು ಸೆಕೆಂಡಿನವರೆಗೆ ಸರಿಪಡಿಸಿಕೊಂಡು ಕುಳಿತರೆ, ಗಂಟೆ ಹೊಡೆದ ಒಂದೂವರೆ ನಿಮಿಷಕ್ಕೆ ಕೊಲಂಬೊ, ಹತ್ತು ಸೆಕೆಂಡಿನ ಬಳಿಕ ದಕ್ಷಿಣ ಆಫ್ರಿಕಾ, ಮತ್ತೆ ಹತ್ತು ಸೆಕೆಂಡಿಗೆ ಕೆನ್ಯಾ. ಎಷ್ಟು ನಾದ ಕೇಳಿಸಿತೆಂದು ಎಣಿಸಿ, ತಾರೀಕು ಹಾಕಿ ಬರೆದುಕೊಳ್ಳುವುದು.